ನೀರು ಹೆಚ್ಚಿಸಿದಷ್ಟೂ ಎಲೆ ಬಾಡುತ್ತಿದೆ: ಫೆಲನಾಪ್ಸಿಸ್ ಆರ್ಕಿಡ್‌ಗೆ ಏನಾಗಿದೆ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ 2 ವರ್ಷಗಳಿಂದ ಒಂದು ಫೆಲನಾಪ್ಸಿಸ್ ಆರ್ಕಿಡ್ ಇದೆ. ತಂದ ದಿನದಿಂದ ಕುಂಡ ಬದಲಿಸಿಲ್ಲ. ಒಳಗೆ ತೆಳುವಾದ ಪ್ಲಾಸ್ಟಿಕ್ ಕುಂಡ, ಅದರ ಹೊರಗೆ ತೂತಿಲ್ಲದ ಪಿಂಗಾಣಿ ಕುಂಡ. ಒಂದು ತಿಂಗಳಿಂದ ಎಲೆಗಳು ಬಿಗುವು ಕಳೆದುಕೊಂಡು, ಸುಕ್ಕುಗಟ್ಟಿ ಜೋತುಬಿದ್ದಿವೆ. ನೀರು ಸಾಲುತ್ತಿಲ್ಲವೆಂದು ಭಾವಿಸಿ ವಾರಕ್ಕೆ ಒಂದು ಸಲ ಹಾಕುತ್ತಿದ್ದುದನ್ನು ಎರಡು ಸಲಕ್ಕೆ ಏರಿಸಿದೆ. ಆದರೂ ಸುಧಾರಿಸಲಿಲ್ಲ, ಈಗ ತಳದ ಎಲೆಯೂ ಹಳದಿಯಾಗಿದೆ. ಮೇಲಿನ ತೊಗಟೆ ಚೂರುಗಳು ಒಣಗಿಯೇ ಕಾಣುತ್ತವೆ. ಯಾವ ಶಿಲೀಂಧ್ರನಾಶಕವನ್ನು ಸಿಂಪಡಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ

ಔಷಧಿಯ ಮಾತು ಆಮೇಲೆ. ಮೊದಲು ಗಿಡವನ್ನು ಕುಂಡದಿಂದ ಹೊರತೆಗೆದು ಬೇರುಗಳನ್ನು ನೋಡಬೇಕು. ನೀರಿಲ್ಲದೆ ಬಳಲಿದ ಗಿಡದ ಎಲೆಯೂ, ಬೇರು ಕೊಳೆತು ನೀರೆಳೆಯಲಾರದ ಗಿಡದ ಎಲೆಯೂ ಒಂದೇ ರೀತಿ ಸುಕ್ಕುಗಟ್ಟುತ್ತವೆ. ಆದ್ದರಿಂದಲೇ ಬೇರು ಕೊಳೆತ ಗಿಡಕ್ಕೆ ಇನ್ನಷ್ಟು ನೀರು ಸುರಿಯುವ ತಪ್ಪು ನಮ್ಮೆಲ್ಲರಿಂದಲೂ ಆಗಿರುತ್ತದೆ.

ಫೆಲನಾಪ್ಸಿಸ್ ಮರದ ಕೊಂಬೆಗಳ ಮೇಲೆ ಬೆಳೆಯುವ ಸಸ್ಯ. ಅದರ ಬೇರಿನ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯಿದ್ದು, ಅದನ್ನು ವೆಲಮೆನ್ ಎನ್ನುತ್ತಾರೆ. ಅದು ಮಳೆನೀರನ್ನು ಕ್ಷಣಮಾತ್ರದಲ್ಲಿ ಹೀರಿಕೊಂಡು, ಆಮೇಲೆ ಗಾಳಿಯಲ್ಲಿ ಒಣಗುವುದಕ್ಕೆ ಹೊಂದಿಕೊಂಡಿದೆ. ಗಾಳಿಯಾಡದ ಕುಂಡದಲ್ಲಿ ಈ ಬೇರು ಮೊದಲು ಉಸಿರುಕಟ್ಟಿ ಸಾಯುತ್ತದೆ, ಕೊಳೆಸುವ ಜೀವಿಗಳು ಬಹುತೇಕ ಆಮೇಲೆಯೇ ಸೇರಿಕೊಳ್ಳುತ್ತವೆ. ತೊಗಟೆ ಚೂರುಗಳು ಸುಮಾರು 2 ವರ್ಷಗಳಲ್ಲಿ ಪುಡಿಯಾಗಿ ನಡುವಿನ ಗಾಳಿಯ ಸಂದುಗಳನ್ನು ಮುಚ್ಚುವುದರಿಂದ, ಮೇಲ್ಪದರ ಒಣಗಿದ್ದರೂ ಒಡಲು ತೇವವಾಗಿಯೇ ಇರಬಹುದು.

ಪ್ರತಿಯೊಂದು ಬೇರನ್ನೂ ಬೆರಳ ನಡುವೆ ಮೆಲ್ಲಗೆ ಒತ್ತಿ. ಬದುಕಿರುವ ಬೇರು ಗಟ್ಟಿಯಾಗಿರುತ್ತದೆ. ಕೊಳೆತದ್ದು ಪಿಚಕ್ಕೆಂದು ಅದುಮಿಕೊಳ್ಳುತ್ತದೆ. ಎಳೆದರೆ ಹೊರಸಿಪ್ಪೆ ತೋಳುಚೀಲದಂತೆ ಜಾರಿಬಂದು, ಒಳಗಿನ ನೂಲಿನಂಥ ಎಳೆಯಷ್ಟೇ ಉಳಿಯುತ್ತದೆ. ಬಣ್ಣವೊಂದನ್ನೇ ನಂಬಬೇಡಿ. ಬೆಳಕು ಕಾಣದೆ ಹಳದಿ ಅಥವಾ ಕಂದಾಗಿರುವ ಬೇರು ಗಟ್ಟಿಯಾಗಿದ್ದರೆ ಅದನ್ನು ಕತ್ತರಿಸಕೂಡದು.

ಪ್ರಶ್ನೆ ಕೇಳಿದವರು

ತೆಗೆದು ನೋಡಿದೆ. ತೊಗಟೆಯ ನಡುವೆ, ಗಿಡದ ಬುಡಕ್ಕೆ ಸರಿಯಾಗಿ, ಮುಷ್ಟಿಯಷ್ಟು ದೊಡ್ಡದಾದ ಪಾಚಿಯ ಉಂಡೆಯೊಂದು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು. 14 ಬೇರುಗಳಲ್ಲಿ ಗಟ್ಟಿಯಾಗಿರುವುದು 3 ಮಾತ್ರ. ಕಾಂಡದ ತಳದಲ್ಲಿಯೂ ಒಂದು ಕಂದು ಕಲೆಯಿದೆ. ದಾಲ್ಚಿನ್ನಿ ಪುಡಿ ಹಚ್ಚಿ, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ತೊಳೆಯಲು ಕೆಲವರು ಹೇಳುತ್ತಾರೆ. ಮಾಡಬಹುದೆ?

ಉತ್ತರ

ಆ ಪಾಚಿಯ ಉಂಡೆ ಸಸಿಯನ್ನು ಬೆಳೆಸುವಾಗ ಇಟ್ಟದ್ದು. ಅಲ್ಲಿ ಅದು ಉಪಕಾರಿ, ಮನೆಯ ಕುಂಡದಲ್ಲಿ ಅದೇ ಶತ್ರು. ಪೂರ್ತಿ ತೆಗೆದುಹಾಕಿ.

ಪೆರಾಕ್ಸೈಡ್ ಬೇಡ. ಅದರ ನೊರೆ ರೋಗಾಣುವನ್ನೂ ಎಳೆಯ ಬೇರನ್ನೂ ಭೇದವಿಲ್ಲದೆ ಸುಡುತ್ತದೆ, ಉಳಿದಿರುವ 3 ಬೇರುಗಳನ್ನು ಪಣಕ್ಕಿಡುವ ಸ್ಥಿತಿಯಲ್ಲಿ ನೀವಿಲ್ಲ. ದಾಲ್ಚಿನ್ನಿ ಪುಡಿ ತೇವವನ್ನು ಎಳೆದುಕೊಳ್ಳುವುದರಿಂದ ಎಲೆ ಅಥವಾ ಕಾಂಡವನ್ನು ಕತ್ತರಿಸಿದ ಗಾಯಕ್ಕೆ ಚಿಟಿಕೆಯಷ್ಟು ಹಚ್ಚಬಹುದು. ಅದೇ ಕಾರಣಕ್ಕೆ ಬೇರಿಗೆ ಸೋಂಕಿಸಬಾರದು.

ಬ್ಲೇಡನ್ನು ಉರಿಯಲ್ಲಿ ಹಿಡಿದು ಅಥವಾ 70% ಆಲ್ಕೊಹಾಲ್‌ನಿಂದ ಒರೆಸಿ, ಕೊಳೆತ ಬೇರುಗಳನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. (ಆಲ್ಕೊಹಾಲ್ ಹಚ್ಚಿದ ಬ್ಲೇಡನ್ನು ಉರಿಯ ಬಳಿ ಒಯ್ಯಬೇಡಿ.) ಕಾಂಡದ ಕಲೆಯನ್ನು ತೆಳುವಾಗಿ ಕೆತ್ತಿ ನೋಡಿ: ಒಳಗೆ ಬಿಳಿ ಅಥವಾ ತಿಳಿಹಸಿರು ಕಂಡರೆ ಅಲ್ಲಿಗೆ ನಿಲ್ಲಿಸಿ, ಕಂದು ಮುಂದುವರಿದರೆ ಅದು ಮುಗಿಯುವವರೆಗೆ ಕೆತ್ತಿ. ಬಳಿಕ ಒಂದು ದಿನ ನೆರಳಿನಲ್ಲಿ ಹಾಗೆಯೇ ಬಿಟ್ಟು ಗಾಯ ಒಣಗಲಿ.

ಹೊಸ ಕುಂಡ ಉಳಿದಿರುವ ಬೇರುಗಳಿಗೆ ತಕ್ಕಷ್ಟೇ ಇರಲಿ, ಎಲೆಗಳ ಹರಹನ್ನು ನೋಡಿ ದೊಡ್ಡದನ್ನು ಆರಿಸಬೇಡಿ. ರಾತ್ರಿಯಿಡೀ ನೆನೆಸಿ ಬಸಿದ ಹೊಸ ತೊಗಟೆ ಚೂರು ತುಂಬಿ, ಕಾಂಡದ ಬುಡ ಹೂತುಹೋಗದಂತೆ ನೆಟ್ಟು, ಗಿಡ ಅಲುಗಾಡದಂತೆ ಕಡ್ಡಿಗೆ ಕಟ್ಟಿ. ನಾಲ್ಕೈದು ದಿನ ನೀರು ಹಾಕಬೇಡಿ. ಹೂವಿನ ದಂಟಿದ್ದರೆ, ಸಂಕಟವಾದರೂ ಕತ್ತರಿಸಿಬಿಡಿ. ಹೊಸ ಬೇರು ಕಾಣುವವರೆಗೆ ಗೊಬ್ಬರವೂ ಬೇಡ.

ಇನ್ನು ಶಿಲೀಂಧ್ರನಾಶಕ. ಕೊಳೆ ಕಾಂಡದಲ್ಲಿ ಏರುತ್ತಲೇ ಇದ್ದರೆ ಮಾತ್ರ ಅದರ ಯೋಚನೆ ಮಾಡಿ. ಎಲೆಬುಡ ಮತ್ತು ಕಾಂಡವನ್ನು ಕಪ್ಪಾಗಿಸುವ ಫೈಟಾಫ್ತೊರ, ಪಿಥಿಯಂ ನಿಜವಾದ ಶಿಲೀಂಧ್ರಗಳೇ ಅಲ್ಲ. ಅಡಿಕೆಯ ಕೊಳೆರೋಗವನ್ನೂ ಆಲೂಗಡ್ಡೆಯ ಅಂಗಮಾರಿಯನ್ನೂ ತರುವುದು ಇದೇ ಫೈಟಾಫ್ತೊರ ಕುಲ. ನೀರಿನಲ್ಲಿ ಈಜಿ ಹರಡುವ ಈ ಜೀವಿಗಳ ಮೇಲೆ ಕಾರ್ಬೆಂಡಾಜಿಮ್ ಕೆಲಸ ಮಾಡುವುದಿಲ್ಲ. ಮೆಟಲಾಕ್ಸಿಲ್ ಅಥವಾ ಫೋಸೆಟೈಲ್ ಅಲ್ಯೂಮಿನಿಯಂ ಬೇಕಾಗುತ್ತದೆ. ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರದೆ, ಕೈಗವಸು ತೊಟ್ಟು, ಮನೆಯ ಹೊರಗೆ ಬಳಸಿ.

ಮತ್ತೊಬ್ಬರ ಉತ್ತರ

ಮೇಲಿನದೆಲ್ಲ ಸರಿ. ಸುಳಿ ಕೊಳೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನನ್ನ ಗಿಡದ ಬೇರುಗಳೆಲ್ಲ ಚೆನ್ನಾಗಿದ್ದವು, ಆದರೆ ಸಂಜೆ ಮೇಲಿನಿಂದ ನೀರು ಚಿಮುಕಿಸುವ ಚಟ ನನಗಿತ್ತು. ಒಂದು ಬೆಳಿಗ್ಗೆ ಎಲೆ ಒರೆಸಲು ಹೋದಾಗ ನಡುವಿನ ಎಳೆಯೆಲೆ ಬುಡದಲ್ಲಿ ಕಪ್ಪಾಗಿ ಕೈಗೇ ಬಂತು. ಫೆಲನಾಪ್ಸಿಸ್ ಮೇಲ್ಮುಖವಾಗಿ ಒಂದೇ ಸುಳಿಯಿಂದ ಬೆಳೆಯುವುದರಿಂದ, ಸುಳಿ ಹೋದರೆ ಬುಡದಿಂದ ಮರಿ ಬಂದರಷ್ಟೇ ಉಳಿಗಾಲ. ಕಾಡಿನಲ್ಲಿ ಇದು ಮರಕ್ಕೆ ಅಂಟಿಕೊಂಡು ಎಲೆಗಳನ್ನು ಓರೆಯಾಗಿ ಕೆಳಕ್ಕೆ ಚಾಚಿರುತ್ತದೆ, ಬಿದ್ದ ಮಳೆ ಜಾರಿಹೋಗುತ್ತದೆ. ನಾವು ನೆಟ್ಟಗೆ ನಿಲ್ಲಿಸಿ ಸುಳಿಯನ್ನು ಬಟ್ಟಲಾಗಿಸುತ್ತೇವೆ. ಅಂದಿನಿಂದ ನಾನು ಕುಂಡದಲ್ಲಿ ಗಿಡವನ್ನು ತುಸು ವಾಲಿಸಿಯೇ ನೆಡುತ್ತೇನೆ, ಬೆಳಿಗ್ಗೆ ಮಾತ್ರ ನೀರು ಹಾಕುತ್ತೇನೆ, ಸುಳಿಯಲ್ಲಿ ಹನಿ ನಿಂತರೆ ಟಿಶ್ಯೂ ಕಾಗದದ ತುದಿಯಿಂದ ಹೀರಿಸುತ್ತೇನೆ.

ಎಲೆಯ ಮೇಲೆ ನೀರು ತುಂಬಿದಂತೆ ಪಾರದರ್ಶಕ ಕಲೆ ಮೂಡಿ, ನಾರುತ್ತ ಒಂದೆರಡು ದಿನಗಳಲ್ಲೇ ಹರಡಿದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಅದಕ್ಕೆ ಮೆಟಲಾಕ್ಸಿಲ್ ಕೂಡ ನಾಟುವುದಿಲ್ಲ. ಕಲೆಯಿಂದ 2 ಸೆಂಟಿಮೀಟರ್ ಈಚೆಗೆ, ಹಸಿರು ಭಾಗದಲ್ಲೇ ಕತ್ತರಿಸಿ, ಗಾಳಿಯಾಡುವೆಡೆ ಒಣಗಿಸಬೇಕು.

ಪ್ರಶ್ನೆ ಕೇಳಿದವರು

8 ವಾರಗಳಾದವು. ಕಾಂಡದ ಕಲೆ ಒಣಗಿ ನಿಂತಿದೆ. ಕೆಳಗಿನ 2 ಎಲೆಗಳು ಉದುರಿದವು. ಮೊನ್ನೆ ಬುಡದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹಸಿರು ತುದಿ ಕಂಡಿತು, ಬೇರೆಂದೇ ತೋರುತ್ತದೆ. ಆದರೆ ಉಳಿದ ಎಲೆಗಳ ಸುಕ್ಕು ಹೋಗಿಲ್ಲ.

ಉತ್ತರ

ತುದಿ ದುಂಡಗಿದ್ದರೆ ಅದು ಬೇರು. ಹಳೆಯ ಎಲೆಗಳ ಸುಕ್ಕು ಪೂರ್ತಿ ಬಿಡಿಸಿಕೊಳ್ಳುವುದು ಅಪರೂಪ, ಮುಂದೆ ಬರುವ ಎಲೆ ಬಿಗುವಾಗಿದೆಯೇ ಎಂದು ನೋಡಿ. ನೀರಿಗೆ ವಾರದ ಲೆಕ್ಕ ಬಿಡಿ: ಪಾರದರ್ಶಕ ಕುಂಡದಲ್ಲಿ ಬೇರು ಹಸಿರಾಗಿದ್ದರೆ ಕಾಯಿರಿ, ಬೆಳ್ಳಿಬಣ್ಣಕ್ಕೆ ತಿರುಗಿ ಕುಂಡ ಹಗುರವೆನಿಸಿದಾಗ ಹಾಕಿ. ಪಿಂಗಾಣಿ ಕುಂಡವನ್ನು ಅಂದಕ್ಕಾಗಿ ಇಟ್ಟುಕೊಳ್ಳುವುದಾದರೆ, ನೀರು ಹಾಕಿದ 10 ನಿಮಿಷಗಳ ನಂತರ ಒಳಗಿನ ಕುಂಡವನ್ನು ಎತ್ತಿ, ತಳದಲ್ಲಿ ನಿಂತ ನೀರನ್ನು ಚೆಲ್ಲಿರಿ.