ಪುಟ್ಟಿಯ ಕುತ್ತಿಗೆ ನೋವಿಗೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ ಕಣೇ. ಲ್ಯಾಪ್‌ಟಾಪ್ ಪಕ್ಕ ದೊಡ್ಡ ಮಾನಿಟರ್ ಹಾಕಿ ಮೂರು ವಾರ ಆಯ್ತು, ಹಗಲು ಕೆಲಸ, ರಾತ್ರಿ ಗೇಮ್, ಈಗ ಕುತ್ತಿಗೆ ಹಿಡ್ಕೊಂಡಿದೆ, ಮಾನಿಟರ್ ತೆಗೆದುಬಿಡಲಾ ಅಂತ ಕೇಳಿದ್ದೀಯ. ನಾನು ಟೈಪ್ ಮಾಡುತ್ತಾ ಕೂತರೆ ನಾಳೆ ಆಗುತ್ತೆ, ಅದಕ್ಕೆ ನಮ್ಮ ಮನೆಯವರ ಗ್ರೂಪಿಗೇ ಮಾತಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು, ಮಧ್ಯಕ್ಕೆ ಬಿಡಬೇಡ.

ನಾನು ಮನೆಯಲ್ಲೇ ಕರಡು ತಿದ್ದುವ ಕೆಲಸ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಮೂಲ ಒಂದು ವಿಂಡೋ, ತಿದ್ದುವುದು ಇನ್ನೊಂದು ವಿಂಡೋ, ಆಲ್ಟ್ ಟ್ಯಾಬ್ ಒತ್ತಿ ಒತ್ತಿ ಸಾಕಾಗಿತ್ತು. ನಮ್ಮ ದೊಡ್ಡವನು ತನ್ನ ಹಳೇ 24 ಇಂಚಿನ ಮಾನಿಟರ್ ಜೋಡಿಸಿಕೊಟ್ಟ. ಎಷ್ಟು ಖುಷಿ ಆಯ್ತು ಗೊತ್ತಾ? ಮೂಲ ಇಲ್ಲಿ, ಕರಡು ಅಲ್ಲಿ, ಸಾಲಿಗೆ ಸಾಲು ಹೋಲಿಸಬಹುದು. ಒಂದು ಕಾಮಾ ತಪ್ಪಿದರೂ ಕಣ್ಣಿಗೆ ಬೀಳುತ್ತಿತ್ತು. ಸಂಜೆ ಅದರಲ್ಲೇ ಚೆಸ್.

ಆದರೆ ಕೀಬೋರ್ಡ್ ಲ್ಯಾಪ್‌ಟಾಪಿನದೇ ಅಲ್ವಾ, ಅದು ನನ್ನ ಎದುರಿಗೆ. ಮಾನಿಟರ್ ಎಡಗಡೆ ಮೂಲೆಯಲ್ಲಿ. ಕೆಲಸವೆಲ್ಲ ಮಾನಿಟರ್‌ನಲ್ಲಿ. ಮೈ ಈ ಕಡೆ, ಮುಖ ಆ ಕಡೆ. ದಿನಕ್ಕೆ ಏಳು ಗಂಟೆ ಹಾಗೇ ಕೂತೆ, ಏಳು ತಿಂಗಳು.

ಮೊದಮೊದಲು ಬರೀ ಬಿಗಿತ. ದಿಂಬು ಸರಿ ಇಲ್ಲ ಅಂದುಕೊಂಡು ದಿಂಬು ಬದಲಾಯಿಸಿದೆ. ಒಂದು ದಿನ ಬೆಳಗ್ಗೆ ತಲೆ ಬಾಚುವಾಗ ಕತ್ತು ಬಲಕ್ಕೆ ತಿರುಗಲೇ ಇಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಆಮೇಲೆ ಎಡಗೈಯ ಕೊನೆಯ ಎರಡು ಬೆರಳು ಜೋಮು. ಅಂಗಿ ಗುಂಡಿ ಹಾಕುವಾಗ ಬೆರಳ ನಡುವೆ ಗುಂಡಿ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಡಾಕ್ಟರು "ಕೆಲಸಕ್ಕೆ ಹೇಗೆ ಕೂರುತ್ತೀರಿ, ಕೂತು ತೋರಿಸಿ" ಅಂದರು. ಅವರ ಕುರ್ಚಿಯಲ್ಲಿ ಕೂತು ಟೈಪ್ ಮಾಡುವವಳ ಹಾಗೆ ಕೈ ಇಟ್ಟೆ ನೋಡು, ತಲೆ ತಾನಾಗೇ ಎಡಕ್ಕೆ ಹೋಯ್ತು. ಅಲ್ಲಿದ್ದದ್ದು ಬರೀ ಗೋಡೆ. ಮೂರು ತಿಂಗಳು ಫಿಸಿಯೋಥೆರಪಿ ಆಯ್ತು.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟೀ, ಮೈ ಒಂದು ಕಡೆ ಮುಖ ಒಂದು ಕಡೆ ಮಾಡಿಕೊಂಡು ಕೂರಬೇಡ.

ಆ ಮಾನಿಟರ್ ಮೂಲೆ ಸೇರಿದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ನನ್ನ ಮೇಜು ಅಷ್ಟು ಚಿಕ್ಕದು. ಅಪ್ಪನ ದೊಡ್ಡ ಮೇಜು ನನಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದೆ. "ಮನೇಲಿ ಕೂತು ಮಾಡೋ ಕೆಲಸ ತಾನೆ, ಅಷ್ಟು ದೊಡ್ಡದು ಯಾಕೆ" ಅಂದರು ಮನೆಯವರೆಲ್ಲ. ಅದು ಈಗಲೂ ನಿಮ್ಮ ಮಾವನ ಮನೆ ಹಜಾರದಲ್ಲಿದೆ, ಮೇಲೆ ಹಳೇ ಪೇಪರ್ ಕಟ್ಟು. ತಮ್ಮಾ, ನೀನೂ ಇದನ್ನು ಕೇಳುತ್ತೀಯ ಅಂತ ಗೊತ್ತು. ಬೇಜಾರಾದರೂ ಪರವಾಗಿಲ್ಲ, ನನಗೆ ಆಗ ಆಗಿತ್ತಲ್ಲ. ಹೊರಗೆ ಹೋಗಿ ದುಡಿಯುವವರಿಗೆ ಮೇಜು, ಕುರ್ಚಿ, ದೀಪ ಎಲ್ಲ ಇರಬೇಕು, ಮನೆಯಲ್ಲಿ ದುಡಿಯುವವಳಿಗೆ ಮಾತ್ರ ಎಲ್ಲೋ ಒಂದು ಮೂಲೆ. ನೋವು ಅಂದಾಗಲೂ "ಚೆಸ್ ಆಡಿ ಆಡಿ ಬಂತು" ಅಂದರು. ಚೆಸ್ ಆಡಿದ್ದು ಅರ್ಧ ಗಂಟೆ. ಮಿಕ್ಕ ಏಳು ಗಂಟೆ ಯಾರ ಲೆಕ್ಕಕ್ಕೂ ಬರಲಿಲ್ಲ. ನಿನಗೂ ಗೇಮ್‌ನಿಂದಲೇ ನೋವು ಬಂತು ಅಂತ ನಿಮ್ಮಮ್ಮ ಅಂದಳಂತೆ. ದೊಡ್ಡಮ್ಮ ಹಾಗಲ್ಲ ಅಂದರು ಅಂತ ಹೇಳು ಅವಳಿಗೆ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಮಾನಿಟರ್ ತೆಗೆಯಬೇಡ, ಜಾಗ ಬದಲಾಯಿಸು. ಜಾಸ್ತಿ ಹೊತ್ತು ನೋಡುವ ಪರದೆ ಮೂಗಿನ ನೇರಕ್ಕೆ ಇರಲಿ. ಬೇರೆ ಕೀಬೋರ್ಡ್ ತಂದು ಅದರ ಮುಂದೆಯೇ ಇಡು. ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು ದೂರ, ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ನನ್ನ ಹಾಗೆ ಬೈಫೋಕಲ್ ಕನ್ನಡಕ, ಅಂದರೆ ಹತ್ತಿರದ್ದು ನೋಡುವ ಗಾಜು ಕೆಳಗಿರುವಂಥದ್ದು, ಇದ್ದವರಿಗೆ ಇನ್ನೂ ಸ್ವಲ್ಪ ತಗ್ಗಿರಬೇಕು, ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ನೋಡುತ್ತೀರಿ. ಲ್ಯಾಪ್‌ಟಾಪ್ ಪಕ್ಕಕ್ಕೆ ಹೋಗಲಿ, ಕೆಳಗೆ ದಪ್ಪ ಪುಸ್ತಕ ಇಟ್ಟು ಎತ್ತರಿಸಿ, ನಿನ್ನ ಕಡೆಗೆ ತುಸು ತಿರುಗಿಸು. ಎರಡನ್ನೂ ಸಮಸಮ ನೋಡುವವರು ಮಾತ್ರ ಎರಡರ ಸಂದನ್ನು ನಡುವೆ ಇಟ್ಟುಕೊಳ್ಳಬೇಕು. ನಿನಗೆ ಅದು ಬೇಡ, ಗೇಮ್ ಓಡುವುದು ಒಂದರಲ್ಲೇ, ತಲೆ ಮತ್ತೆ ಓರೆಯಾಗುತ್ತೆ.

ಸರಿಸಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 1, 2 ಅಂತ ಬರುವ ಚೌಕಗಳನ್ನೂ ಮೇಜಿನ ಮೇಲೆ ಇರುವ ಹಾಗೇ ಎಳೆದಿಡು. ಇಲ್ಲದಿದ್ದರೆ ಮೌಸ್ ಎಡಕ್ಕೆ ತಳ್ಳಿದರೆ ಬಾಣ ಗೋಡೆಗೆ ಹೊಡೆದ ಹಾಗೆ ನಿಂತುಬಿಡುತ್ತೆ. ಅಲ್ಲೇ ಮಾನಿಟರ್ ಅನ್ನು ಮೇನ್ ಡಿಸ್‌ಪ್ಲೇ ಮಾಡು. ನಿನ್ನದು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸುವ ಮಾನಿಟರ್ ಅಂದಿದ್ದೆ, ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ನೋಡು, ಎಷ್ಟೋ ಸಲ ಅದು 60ರಲ್ಲೇ ಇರುತ್ತೆ ಅಂತ ದೊಡ್ಡವನು ಹೇಳಿದ. 20 ನಿಮಿಷಕ್ಕೊಮ್ಮೆ 20 ಅಡಿ ದೂರ ಇರುವುದನ್ನು 20 ಸೆಕೆಂಡ್ ನೋಡು, ಕಣ್ಣಿಗೂ ಬಿಡುವು.

ಮತ್ತೊಮ್ಮೆ ಹೇಳುತ್ತೇನೆ, ಮೈ ಒಂದು ಕಡೆ ಮುಖ ಒಂದು ಕಡೆ ಬೇಡ. ಬೆರಳು ಜೋಮು ಹಿಡಿದರೆ ನನ್ನ ಹಾಗೆ ದಿಂಬು ಬದಲಾಯಿಸುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು. ಇವತ್ತು ಗೇಮ್ ಶುರು ಮಾಡುವ ಮುಂಚೆಯೇ ಸರಿಸಿ ಒಂದು ಫೋಟೋ ಕಳಿಸು. ಬರೀ ಮೇಜಿನದಲ್ಲ, ನೀನು ಕೂತಿರಬೇಕು ಅದರಲ್ಲಿ.