ಎರಡು ಕೀ ಇದ್ದರೂ ‘ಕೀ ಇಲ್ಲ’ ಎನ್ನುವ ಕಾರು

ಪ್ರಶ್ನೆ – ತೀರ್ಥಹಳ್ಳಿ ಕಡೆಯ ಶಾಲಾ ಶಿಕ್ಷಕ

ನಮಸ್ಕಾರ. ನನ್ನದು 2018ರ ಪೆಟ್ರೋಲ್ ಕಾರು, ಬಟನ್ ಒತ್ತಿ ಸ್ಟಾರ್ಟ್ ಮಾಡುವಂಥದ್ದು. ಒಂದು ತಿಂಗಳಿಂದ ವಿಚಿತ್ರ ಕಾಟ ಶುರುವಾಗಿದೆ. ಬಾಗಿಲೇನೋ ಸರಾಗವಾಗಿ ತೆರೆಯುತ್ತದೆ. ಒಳಗೆ ಕುಳಿತು, ಕ್ಲಚ್ ತುಳಿದು ಬಟನ್ ಒತ್ತಿದರೆ ಮೀಟರಿನಲ್ಲಿ ಕೀಯ ಚಿತ್ರ ಮಿನುಗಿ, ಕೀ ಇಲ್ಲವೆಂಬ ಸೂಚನೆ ಬರುತ್ತದೆ. ಕೀ ಕಣ್ಣೆದುರೇ ಇರುತ್ತದೆ! ಮೂರ್ನಾಲ್ಕು ಸಲ ಒತ್ತಿದರೆ ಒಮ್ಮೆ ಸ್ಟಾರ್ಟ್ ಆಗುತ್ತದೆ. ಕೀಯ ಸೆಲ್ ಬದಲಿಸಿದೆ. ಎರಡು ದಿನ ಸರಿಯಿದ್ದಂತೆ ಅನ್ನಿಸಿತು, ಮತ್ತೆ ಅದೇ ರಾಗ. ಸರ್ವಿಸ್ ಸೆಂಟರಿನವರು ಕಾರನ್ನು ಹತ್ತು ನಿಮಿಷ ನೋಡಿ, ಕೀಯನ್ನೇ ಬದಲಿಸಬೇಕು ಎಂದರು. ಬೆಲೆ ಕೇಳಿ ಸುಮ್ಮನೆ ವಾಪಸು ಬಂದೆ. ನಿಜಕ್ಕೂ ಕೀ ಹಾಳಾಗಿದೆಯೇ ಸರ್?

ಉತ್ತರ – ಶಿವಮೊಗ್ಗದ ಆಟೊ ಎಲೆಕ್ಟ್ರಿಷಿಯನ್

ಮೇಷ್ಟ್ರೇ, ಹೊಸ ಕೀಗೆ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಹೇಳಿ. ಬೀರುವಿನಲ್ಲಿಟ್ಟಿರುವ ಇನ್ನೊಂದು ಕೀ ತೆಗೆದು ನೋಡಿದಿರಾ? ಅಂಗಳದ ಆಚೆ ನಿಂತು ಕೀಯ ಬಟನ್ ಒತ್ತಿದರೆ ಬಾಗಿಲು ಲಾಕ್ ಆಗುತ್ತದೆಯೇ?

ಯಾಕೆ ಕೇಳುತ್ತಿದ್ದೇನೆಂದರೆ, ಕಾರಿಗೂ ಕೀಗೂ ನಡುವೆ ಇರುವುದು ಒಂದು ದಾರಿಯಲ್ಲ, ಎರಡು. ನೀವು ಸ್ಟಾರ್ಟ್ ಬಟನ್ ಒತ್ತಿದೊಡನೆ ಕಾರು ‘ಒಳಗೆ ಯಾರಿದ್ದೀರಿ’ ಎಂದು ಕೂಗುತ್ತದೆ. ಸುಮಾರು 125 ಕಿಲೋಹರ್ಟ್ಸ್‌ನ ತಗ್ಗಿದ ದನಿ ಅದು. ಒಂದು, ಒಂದೂವರೆ ಮೀಟರ್ ಆಚೆಗೆ ಕೇಳಿಸುವುದಿಲ್ಲ. ಕೇಳಿಸಬಾರದೆಂದೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ನೀವು ಒಳಗೆ ಊಟಕ್ಕೆ ಕುಳಿತಿರುವಾಗ ಬೇರೆ ಯಾರೋ ಕಾರು ಹತ್ತಿಕೊಂಡು ಹೋದಾರು. ಆ ಕೂಗಿಗೆ ಎಚ್ಚೆತ್ತ ಕೀ, 433 ಮೆಗಾಹರ್ಟ್ಸ್‌ನಲ್ಲಿ ಗುಟ್ಟಿನ ಸಂಕೇತವೊಂದನ್ನು ಕಳುಹಿಸಿ ಓಗೊಡುತ್ತದೆ. ದೂರದಿಂದ ಲಾಕ್ ಮಾಡುವಾಗ ಕೆಲಸ ಮಾಡುವುದು ಈ ಎರಡನೆಯ ದಾರಿ ಮಾತ್ರ. ಅದು ಸರಿಯಿದ್ದರೆ ಕೀಯ ಬಾಯಿ ಸರಿಯಿದೆ ಎಂದಾಯಿತು. ಆಮೇಲೆ ನೋಡಬೇಕಾದದ್ದು ಅದರ ಕಿವಿಯನ್ನು, ಇಲ್ಲವೇ ಕಾರಿನ ಗಂಟಲನ್ನು.

ಶಿಕ್ಷಕ

ಈಗಷ್ಟೇ ನೋಡಿದೆ. ಹದಿನೈದು ಹೆಜ್ಜೆ ದೂರದಿಂದಲೂ ಲಾಕ್ ಆಗುತ್ತದೆ. ಎರಡನೆಯ ಕೀಯದ್ದೂ ಅದೇ ಕಥೆ: ಬಾಗಿಲು ತೆರೆಯುತ್ತದೆ, ಒಳಗೆ ಕುಳಿತರೆ ‘ಕೀ ಇಲ್ಲ’.

ಉತ್ತರ

ಹಾಗಾದರೆ ಕೀ ಬಡಪಾಯಿ. ಎರಡು ಕೀಗಳಿಗೂ ಒಂದೇ ದಿನ ಜ್ವರ ಬರುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ, ಕೀಯಿಂದಲೇ ಬಟನ್ ಒತ್ತಿ. ಬಟನ್ನಿನ ಹಿಂದೆ ತಂತಿಯ ಸುರುಳಿಯೊಂದಿರುತ್ತದೆ; ಕೀಯೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಬೇಕಾದ ವಿದ್ಯುತ್ತನ್ನು ತಾನೇ ಕೊಟ್ಟು ಅದನ್ನು ಓದಿಕೊಳ್ಳುತ್ತದೆ. ಸೆಲ್ ಪೂರ್ತಿ ಸತ್ತಿದ್ದರೂ ನಡೆಯುತ್ತದೆ. ಕೆಲವು ಕಾರುಗಳಲ್ಲಿ ಈ ಜಾಗ ಸ್ಟೀರಿಂಗಿನ ಬುಡದಲ್ಲೋ, ಲೋಟ ಇಡುವ ಗುಂಡಿಯಲ್ಲೋ ಇರುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರವಿರುತ್ತದೆ (ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಬಂದ ಮನೆಗಳನ್ನು ನಾನು ಕಂಡದ್ದು ಕಡಿಮೆ). ಹೀಗೆ ಮಾಡಿದಾಗ ಪ್ರತಿ ಸಲವೂ ಸ್ಟಾರ್ಟ್ ಆದರೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಸರಿಯಿದೆ, ಚಿಪ್ ಕೂಡ ಸರಿಯಿದೆ.

ಜೊತೆಗೆ ಯೋಚಿಸಿ ಹೇಳಿ: ಈ ಒಂದು ತಿಂಗಳಲ್ಲಿ ಕಾರಿಗೆ ಹೊಸದಾಗಿ ಏನು ಸೇರಿಸಿದಿರಿ?

ಶಿಕ್ಷಕ

ತಾಗಿಸಿ ಒತ್ತಿದರೆ ಹತ್ತಕ್ಕೆ ಹತ್ತು ಸಲವೂ ಸ್ಟಾರ್ಟ್ ಆಯಿತು. ಹೊಸದಾಗಿ ಏನೂ ಇಲ್ಲ ಸರ್. ಹಾಂ, ಅಳಿಯ ಒಂದು ಡ್ಯಾಶ್‌ಕ್ಯಾಮ್ ಹಾಕಿಸಿದ್ದಾನೆ. ಕಾರು ನಿಂತಿರುವಾಗಲೂ ರೆಕಾರ್ಡ್ ಆಗಲಿ ಎಂದು ಬ್ಯಾಟರಿಯಿಂದ ನೇರ ತಂತಿ ಎಳೆಸಿದ. ಅದೇ ತಂತಿಯಿಂದ ಗೇರಿನ ಮುಂದಿನ ತಟ್ಟೆಯಲ್ಲಿ ಮೊಬೈಲ್ ಇಟ್ಟರೆ ಚಾರ್ಜ್ ಆಗುವ ಪ್ಯಾಡ್ ಕೂಡ. ಅದಕ್ಕೂ ಇದಕ್ಕೂ ಸಂಬಂಧವೇನು?

ಉತ್ತರ

ಕೀ ಎಲ್ಲಿ ಇಡುತ್ತೀರಿ? ‘ಅದೇ ತಟ್ಟೆಯಲ್ಲಿ, ಮೊಬೈಲ್ ಪಕ್ಕ’ ಎನ್ನುತ್ತೀರೆಂದು ಪಣ ಕಟ್ಟುತ್ತೇನೆ.

ತಂತಿಯಿಲ್ಲದೆ ಮೊಬೈಲ್ ಚಾರ್ಜ್ ಮಾಡುವ ಪ್ಯಾಡುಗಳು ಹೆಚ್ಚುಕಡಿಮೆ 100ರಿಂದ 205 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ನಿಮ್ಮ ಕಾರು ಕೂಗುವ 125 ಅದರೊಳಗೇ ಬಂತು. ಸಂತೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಪಾಡು ಕೀಯದ್ದು. ಬಾಗಿಲು ಯಾಕೆ ತೆರೆಯುತ್ತದೆ ಎಂದರೆ, ಆಗ ಕೀ ನಿಮ್ಮ ಜೇಬಿನಲ್ಲಿ, ಪ್ಯಾಡಿನಿಂದ ದೂರ ಇರುತ್ತದೆ. ಬಾಗಿಲಿಗೆ ಬೇರೆಯದೇ ಆಂಟೆನಾ ಇದೆ. ಕಾರು ಕಂಪನಿಯವರೇ ಜೋಡಿಸಿದ ಪ್ಯಾಡಾದರೆ, ಕಾರು ಕೀ ಹುಡುಕುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಕ್ಷಣ ಸುಮ್ಮನಾಗುತ್ತದೆ. ಹೊರಗಿನಿಂದ ಹಾಕಿಸಿದ್ದಕ್ಕೆ ಆ ಮರ್ಯಾದೆ ಗೊತ್ತಿಲ್ಲ. ಮಾಮೂಲಾಗಿ ಕಾರು ಆಫ್ ಆದಾಗ ಚಾರ್ಜರ್ ಸಾಕೆಟ್ಟಿಗೂ ಕರೆಂಟ್ ನಿಲ್ಲುವುದರಿಂದ ಬಹಳ ಜನರಿಗೆ ಈ ತೊಂದರೆ ಬರುವುದೇ ಇಲ್ಲ. ನಿಮ್ಮಲ್ಲಿ ನೇರ ತಂತಿ ಇರುವುದರಿಂದ ಪ್ಯಾಡ್ ಹಗಲೂ ರಾತ್ರಿ ಎಚ್ಚರ. ಅಗ್ಗದ ಯುಎಸ್‌ಬಿ ಚಾರ್ಜರು, ಎಲ್‌ಇಡಿ ಪಟ್ಟಿಗಳೂ ಇದೇ ಚೇಷ್ಟೆ ಮಾಡುವುದುಂಟು.

ಪ್ಯಾಡ್ ಕಿತ್ತು ಒಂದು ವಾರ ಓಡಿಸಿ. ಕೀ ಜೇಬಿನಲ್ಲಿರಲಿ. ಹಾಗೆಯೇ ಒಂದು ಮುಂಜಾನೆ, ಎಂಜಿನ್ ಹಚ್ಚುವ ಮುನ್ನ, ಕಾರಿನ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿಸಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿಳಿದರೆ ಕಾರು ಕೀಯ ವಿಷಯದಲ್ಲಷ್ಟೇ ಅಲ್ಲ, ಎಲ್ಲದರಲ್ಲೂ ತಲೆಕೆಟ್ಟಂತೆ ಆಡುತ್ತದೆ.

ಉಡುಪಿಯ ಸದಸ್ಯೆ

ಅಣ್ಣ, ನಡುವೆ ಬಾಯಿ ಹಾಕುತ್ತಿದ್ದೇನೆ. ಆಗುಂಬೆ ಘಾಟಿ ಇಳಿಯುತ್ತಿರುವಾಗ ಕೀಯ ಸೆಲ್ ಮುಗಿದರೆ ಎಂಜಿನ್ ನಿಂತುಬಿಡುತ್ತದೆಯೇ? ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಹೋಗುತ್ತೇನೆ.

ಉತ್ತರ

ಇಲ್ಲ ಅಕ್ಕ, ನಿಲ್ಲುವುದಿಲ್ಲ. ಒಮ್ಮೆ ಸ್ಟಾರ್ಟ್ ಆದ ಮೇಲೆ ಕೀ ಸತ್ತರೂ, ಕಾರಿನಿಂದ ಇಳಿದು ಹೋದರೂ ಎಂಜಿನ್ ಓಡುತ್ತಲೇ ಇರುತ್ತದೆ. ಕೀ ಕಾಣದಾದರೆ ಕಾರು ಕೀಕೀ ಎಂದು ಎಚ್ಚರಿಸುತ್ತದೆ, ಅಷ್ಟೇ. ನಮ್ಮ ಗಿರಾಕಿಯೊಬ್ಬರು ಹೆಂಡತಿಯನ್ನು ಬಸ್ ನಿಲ್ದಾಣಕ್ಕೆ ಬಿಟ್ಟು, ಆ ಸದ್ದನ್ನು ಸೀಟ್ ಬೆಲ್ಟಿನದೆಂದುಕೊಂಡು ಪೆಟ್ರೋಲ್ ಬಂಕಿಗೆ ಹೋಗಿ ಎಂಜಿನ್ ಆರಿಸಿದರು. ಕೀ ಹೆಂಡತಿಯ ಚೀಲದಲ್ಲಿ, ಚೀಲ ಆಗಲೇ ಭದ್ರಾವತಿ ದಾಟಿತ್ತು. ನಾನು ಹೋದರೂ ಏನು ಮಾಡಲಿ? ಇನ್ನೊಂದು ಕೀ ಮನೆಯಿಂದ ಬರುವವರೆಗೆ ಕಾರನ್ನು ತಳ್ಳಿ ಬದಿಗಿಟ್ಟು ಇಬ್ಬರೂ ಚಹಾ ಕುಡಿದೆವು.

ಸೆಲ್ ಸತ್ತು ಬಾಗಿಲೂ ತೆರೆಯದಿದ್ದರೆ ಗಾಬರಿ ಬೇಡ. ಕೀಯ ಬದಿಯಲ್ಲಿರುವ ಸಣ್ಣ ಕೊಕ್ಕೆ ಸರಿಸಿದರೆ ಒಳಗಿನಿಂದ ಲೋಹದ ಕೀ ಬರುತ್ತದೆ. ಅದರಿಂದ ಚಾಲಕನ ಬಾಗಿಲು ತೆರೆದು, ಮೇಲೆ ಹೇಳಿದಂತೆ ತಾಗಿಸಿ ಒತ್ತಿ.

ಹಾಸನದ ಸದಸ್ಯ

ನನಗೆ ಉಲ್ಟಾ ತೊಂದರೆ. ಸೆಲ್ ಬದಲಿಸಿದ ಮೇಲೆಯೇ ಕೀ ಕೆಲಸ ನಿಲ್ಲಿಸಿದೆ. ಹಳೆಯದು 2032 ನಂಬರಿನ ಸೆಲ್. ಅಂಗಡಿಯವರು 2025 ನಂಬರಿನದು ಕೊಟ್ಟರು, ‘ಎರಡೂ ಒಂದೇ’ ಎಂದರು.

ಉತ್ತರ

ಒಂದೇ ಅಲ್ಲ. ಸಿಆರ್2032 ಎಂದರೆ ಅಗಲ 20 ಮಿಲಿಮೀಟರ್, ದಪ್ಪ 3.2. 2025 ಅಷ್ಟೇ ಅಗಲ, ದಪ್ಪ 2.5 ಮಾತ್ರ. ಸಲೀಸಾಗಿ ಕೂರುತ್ತದೆ, ಆದರೆ ಕೀಯೊಳಗಿನ ಲೋಹದ ಪಟ್ಟಿಗೆ ಸರಿಯಾಗಿ ತಾಗುವುದಿಲ್ಲ. ಕೀ ಕುಲುಕಿದಾಗ ಒಮ್ಮೆ ಜೀವ, ಒಮ್ಮೆ ಇಲ್ಲ. ಹಳೆಯ ಸೆಲ್ಲಿನ ಮೇಲಿರುವ ಸಂಖ್ಯೆಯನ್ನೇ ಕೊಳ್ಳಿ. ಇನ್ನೊಂದು ಸಂಗತಿ: ಮಕ್ಕಳು ಬಾಯಿಗೆ ಹಾಕಿದರೆ ಉಗುಳಲಿ ಎಂದು ಈಗ ಕೆಲವು ಸೆಲ್‌ಗಳಿಗೆ ಕಹಿ ಲೇಪನ ಬಳಿದಿರುತ್ತಾರೆ. ಕೆಲವು ಕೀಗಳಲ್ಲಿ ಆ ಲೇಪನವೇ ಅಡ್ಡಬರುತ್ತದೆ. ಹಾಗೆಂದು ಮಕ್ಕಳ ವಿಷಯದಲ್ಲಿ ಸಡಿಲ ಬಿಡಬೇಡಿ, ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಲೇಬೇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಕೂಡಲೇ ಆಸ್ಪತ್ರೆಗೆ ಓಡಬೇಕು.

ಶಿಕ್ಷಕ (ಒಂಬತ್ತು ದಿನಗಳ ನಂತರ)

ಸರ್, ಪ್ಯಾಡ್ ಕಿತ್ತ ದಿನದಿಂದ ಒಮ್ಮೆಯೂ ಕೈಕೊಟ್ಟಿಲ್ಲ. ಪಣ ನೀವೇ ಗೆದ್ದಿರಿ, ಕೀ ಅದೇ ತಟ್ಟೆಯಲ್ಲಿರುತ್ತಿತ್ತು. ಬ್ಯಾಟರಿ ಬೆಳಿಗ್ಗೆ 12.1 ತೋರಿಸಿತು. ಪ್ಯಾಡನ್ನು ಎಸೆಯಲೇ?

ಉತ್ತರ

12.1 ನನಗೆ ಒಪ್ಪಿಗೆಯಿಲ್ಲ. ಡ್ಯಾಶ್‌ಕ್ಯಾಮಿನ ತಂತಿಯನ್ನು ಕಾರು ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಿಸಿಕೊಳ್ಳಿ, ಬ್ಯಾಟರಿಯನ್ನು ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿಸಿ. ಪ್ಯಾಡ್ ಎಸೆಯಬೇಡಿ, ಮನೆಯಲ್ಲಿ ಬಳಸಿ. ಆದರೆ ಕಾರಿನ ಕೀಯನ್ನು ಅದರ ಪಕ್ಕ ಇಟ್ಟು ಮಲಗಬೇಡಿ. ಯಾರೋ ಕರೆಯುತ್ತಿದ್ದಾರೆಂದು ಕೀ ರಾತ್ರಿಯಿಡೀ ಎದ್ದು ಕುಳಿತು, ಹೊಸ ಸೆಲ್ಲನ್ನೂ ಬೇಗ ಬರಿದು ಮಾಡಿಬಿಡುತ್ತದೆ.