ಶಂಖದ ಹುಳು, ಇಲಿ, ನಾಯಿ ಮತ್ತು ನಾವು: ಪಶುವೈದ್ಯೆಗೆ ಕೇಳಿ

ಅಡ್ಮಿನ್: ಈ ಮಳೆಗೆ ತೋಟಗಳಲ್ಲಿ ಆಫ್ರಿಕನ್ ಶಂಖದ ಹುಳು (ದೊಡ್ಡ ಬಸವನಹುಳು) ವಿಪರೀತ. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಹುಳುಗಳ ಬಗ್ಗೆ ನಮ್ಮ ಗುಂಪಿನ ಪಶುವೈದ್ಯೆ ಸಂಜೆ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಏಲಕ್ಕಿ ಮನೆ: ಮೇಡಂ, ನಾಯಿಗೆ ಜಂತುಹುಳು ಮಾತ್ರೆ ಎಷ್ಟು ದಿನಕ್ಕೊಮ್ಮೆ?

ಡಾಕ್ಟರ್: ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ, ತೂಕ ನೋಡಿ. ಕುರಿ ಕಡಿದಾಗ ಲಿವರ್, ಶ್ವಾಸಕೋಶ ಹಸಿಯಾಗಿ ಎಸೆಯಬೇಡಿ. ಅದರಲ್ಲಿ ನೀರುಗುಳ್ಳೆ ಇದ್ದರೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಆಗುತ್ತದೆ. ನಾಯಿಯ ಹೇಲಿನಲ್ಲಿ ಬರುವ ಅದರ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಅದೇ ಗುಳ್ಳೆ ನಮ್ಮ ಲಿವರ್‌ನಲ್ಲಿ ಬೆಳೆಯುತ್ತದೆ.

ತೋಟದ ಮನೆ: ಡಾಕ್ಟ್ರೇ, ನಮ್ಮ ಲೈನ್ ಮನೆಯ (ತೋಟದ ಕೆಲಸಗಾರರ ಮನೆ) ಒಬ್ಬರ ಮಗಳು, ಆರು ವರ್ಷ. ಎರಡು ವಾರದ ಹಿಂದೆ ಬರಿಗೈಲಿ ಶಂಖದ ಹುಳು ಆರಿಸಿ ಬಕೆಟ್‌ಗೆ ಹಾಕುತ್ತಿದ್ದಳು. ಈಗ ನಾಲ್ಕು ದಿನದಿಂದ ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಿದರೆ ಅಳು. ಮೈ ಮುಟ್ಟಿದರೆ ಉರಿ ಅನ್ನುತ್ತಾಳೆ. ಜ್ವರ ಅಷ್ಟಿಲ್ಲ. ಹುಳದ ಮಾತ್ರೆ ತಂದಿಟ್ಟಿದ್ದಾರೆ, ಕೊಡಬಹುದಾ?

ಡಾಕ್ಟರ್: ಕೊಡಬೇಡಿ. ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ, ಬೆಳಗ್ಗೆ ನೋಡೋಣ ಅನ್ನಬೇಡಿ. ನಾನು ದನ, ನಾಯಿಗಳ ಡಾಕ್ಟರ್, ಮಗುವಿಗೆ ಏನಾಗಿದೆ ಅಂತ ಇಲ್ಲಿಂದ ಹೇಳಲು ಆಗುವುದಿಲ್ಲ. ಬೇರೆ ಮೆದುಳು ಜ್ವರವೂ ಇರಬಹುದು, ಅದಕ್ಕೂ ತಡ ಮಾಡುವ ಹಾಗಿಲ್ಲ. ಆದರೆ ಶಂಖದ ಹುಳು ಮುಟ್ಟಿದ್ದಳು, ಎರಡು ವಾರ ಆಯ್ತು ಅಂತ ಅಲ್ಲಿ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಅದು ಹೊಳೆಯದೇ ಇರಬಹುದು.

ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ಬದುಕುವ ಒಂದು ಹುಳುವಿದೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬರುತ್ತವೆ. ಆ ಹಿಕ್ಕೆಯನ್ನು ಶಂಖದ ಹುಳು ತಿನ್ನುತ್ತದೆ, ಮರಿಗಳು ಅದರ ಮೈಯಲ್ಲಿ ಬಲಿಯುತ್ತವೆ. ಇನ್ನೊಂದು ಇಲಿ ಆ ಶಂಖದ ಹುಳುವನ್ನು ತಿಂದರೆ ಚಕ್ರ ಪೂರ್ತಿ. ಮನುಷ್ಯರ ಬಾಯಿಗೆ ಹೋದರೆ ಮರಿಗಳು ಮೆದುಳಿನ ಕಡೆ ಹೋಗುತ್ತವೆ, ಮುಂದೆ ದಾರಿ ಸಿಗದೆ ಹೆಚ್ಚಾಗಿ ಅಲ್ಲೇ ಸಾಯುತ್ತವೆ. ಸತ್ತ ಹುಳುವಿನ ಸುತ್ತ ಬರುವ ಊತವೇ ಕಷ್ಟ ಕೊಡುವುದು. ಅದಕ್ಕೇ ನೀವಾಗಿ ಮಾತ್ರೆ ಕೊಡಬೇಡಿ ಅಂದೆ. ಒಟ್ಟಿಗೆ ಸತ್ತರೆ ಊತ ಇನ್ನೂ ಜಾಸ್ತಿ ಆಗಬಹುದು. ಊತ ಇಳಿಸಲು ಸ್ಟೀರಾಯ್ಡ್ ಬೇಕಾ ಅಂತ ಆಸ್ಪತ್ರೆಯವರು ನೋಡುತ್ತಾರೆ. ರಕ್ತದಲ್ಲಿ ಮತ್ತು ಬೆನ್ನುಹುರಿಯ ನೀರಿನಲ್ಲಿ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಷ್ಟಿದೆ ಅಂತ ಕೇಳಿ. ಕೇರಳದಲ್ಲಿ ಈ ಕಾಯಿಲೆ ವರದಿಯಾಗಿದೆ, ನಮಗೆ ದೂರವೇನಲ್ಲ. ಹೊರಟ ಮೇಲೆ ಒಂದು ಮೆಸೇಜ್ ಹಾಕಿ.

ಮಲೆನಾಡ ಮಾವ: ಫಾರ್ವರ್ಡ್ ಬಂದದ್ದು: ಉಡದ ಹಸಿ ರಕ್ತ ಕುಡಿದರೆ ಉಬ್ಬಸ ಹೋಗುತ್ತೆ, ಎಲ್ಲಾ ಹುಳು ಸಾಯುತ್ತೆ. ಖರ್ಚಿಲ್ಲ.

ಡಾಕ್ಟರ್: ಮಾವ, ಉಡ ಶಂಖದ ಹುಳು ತಿನ್ನುತ್ತದೆ. ಈಗ ಹೇಳಿದ ಮರಿಗಳು ಅದರ ಮೈಯಲ್ಲೂ ಇರಬಹುದು. ಕೇರಳದಲ್ಲಿ ಹಸಿ ಉಡ ತಿಂದೇ ಮೆದುಳಿಗೆ ಹುಳು ಹತ್ತಿಸಿಕೊಂಡವರಿದ್ದಾರೆ. ಹಿಡಿಯುವುದೂ ಕೊಲ್ಲುವುದೂ ಅಪರಾಧ. ಅಳಿಸಿ.

ಮಲೆನಾಡ ಮಾವ: ನಮ್ಮ ಅಜ್ಜ ಕುಡಿದು ತೊಂಬತ್ತು ವರ್ಷ ಬದುಕಿದ್ದರು, ಸುಮ್ನೆ ಹೆದರಿಸಬೇಡಿ.

ಡಾಕ್ಟರ್: ಅಡ್ಮಿನ್, ಅಳಿಸಿ.

ಕರಾವಳಿ ಹುಡುಗಿ: ಮೇಡಂ, ಮಂಗಳೂರಲ್ಲಿ ನಮ್ಮ ಚಿಕ್ಕಮ್ಮನ ಕಣ್ಣಿಂದ ಜೀವಂತ ಹುಳು ತೆಗೆದರು! ಮನೇಲಿ ಎಲ್ಲರಿಗೂ ಅಂಟುತ್ತಾ?

ಡಾಕ್ಟರ್: ಅಂಟುವುದಿಲ್ಲ. ಹೆಚ್ಚಾಗಿ ಅದು ನಾಯಿಯ ಹುಳು, ಸೊಳ್ಳೆ ತರುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಮರಿ ಹಾಕುವುದಿಲ್ಲ, ತೆಗೆದರೆ ಮುಗಿಯಿತು. ಸೊಳ್ಳೆಗೆ ಬೆಚ್ಚಗಿನ ದಿನ ಜಾಸ್ತಿ ಸಿಕ್ಕಿದಷ್ಟು ಹುಳುವಿಗೂ ಅನುಕೂಲ. ಯುರೋಪಿನಲ್ಲಿ ಇದೇ ಹುಳು ಉತ್ತರದ ಚಳಿ ಊರುಗಳಿಗೂ ಹೋಗಿದೆ. ನಾಯಿಗೆ ತಿಂಗಳ ಔಷಧಿ ಹಾಕಿಸಿ, ನಿಂತ ನೀರು ಚೆಲ್ಲಿ.

ರೋಬಸ್ಟಾ: ಅಸ್ಸಾಮಿನ ಕೂಲಿಯವರು ಬಂದ ಮೇಲೆ ಶುರುವಾದದ್ದು ಇದೆಲ್ಲ. ಅವರ ಗಂಟುಮೂಟೆಯಲ್ಲೇ ಬಂದಿದ್ದು.

ಕಾಳುಮೆಣಸು: ಅವರಿಲ್ಲದೆ ನಿಮ್ಮ ಕಾಫಿ ಯಾರು ಕೊಯ್ತಾರೆ ಸ್ವಾಮಿ? ಹೋಂಸ್ಟೇ ಕಸ ಹೊಳೆ ಬದಿಗೆ ಸುರಿದು ಇಲಿ ಸಾಕುತ್ತಿರುವವರು ಯಾರು?

ಹೋಂಸ್ಟೇ ಅಣ್ಣ: ಎಲ್ಲದಕ್ಕೂ ಹೋಂಸ್ಟೇ ಸಿಕ್ಕಿತು ನಿಮಗೆ. ಪಂಚಾಯ್ತಿ ಗಾಡಿ ಬರಲ್ಲ, ಕಸ ನಾನು ತಲೆ ಮೇಲೆ ಹೊರಬೇಕಾ?

ರೋಬಸ್ಟಾ: ಮೊದಲು ಇರಲಿಲ್ಲ, ಈಗ ಇದೆ. ಲೆಕ್ಕ ಹಾಕಿ.

ಡಾಕ್ಟರ್: ಲೆಕ್ಕ ನಾನೇ ಹೇಳುತ್ತೇನೆ. 1847ರಲ್ಲಿ ಬೆನ್ಸನ್ ಅನ್ನುವ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ತಂದು ಕಲ್ಕತ್ತದ ತೋಟದಲ್ಲಿ ಬಿಟ್ಟದ್ದು ಈ ಶಂಖದ ಹುಳು. ಈಗ ಅದು ಊರೂರು ಸುತ್ತುವುದು ನರ್ಸರಿ ಗಿಡದ ಮಣ್ಣು, ಗೊಬ್ಬರ, ಮರದ ಲಾರಿಗಳ ಜೊತೆ. ಒಂದೇ ಸಲಕ್ಕೆ ನೂರಾರು ಮೊಟ್ಟೆ. ಇಲಿಯ ಆ ಹುಳುವನ್ನು ಚೀನಾದ ಕ್ಯಾಂಟನ್‌ನ ಇಲಿಗಳಲ್ಲಿ 1935ರಲ್ಲಿ ಗುರುತಿಸಿದರು. ಹಡಗಿನ ಇಲಿಗಳ ಜೊತೆ ಹೋಗಿ ಅದು ಈಗ ಹವಾಯಿ, ಆಸ್ಟ್ರೇಲಿಯ, ಸ್ಪೇನ್‌ನಲ್ಲೂ ಇದೆ. ಲೈನ್ ಮನೆಗೆ ಕಕ್ಕಸು, ಒಳ್ಳೆ ನೀರು, ಮಕ್ಕಳಿಗೆ ಚಪ್ಪಲಿ, ಗ್ಲೌಸು ಕೊಟ್ಟಿದ್ದೀರಾ ರೋಬಸ್ಟಾ? ಕೊಟ್ಟ ಮೇಲೆ ಅವರ ಮೂಟೆ ತಪಾಸಣೆ ಮಾಡಿ.

ರೋಬಸ್ಟಾ: ಕೇಳಿದ್ದಕ್ಕೆ ಉತ್ತರ ಕೊಡಿ, ರಾಜಕೀಯ ಬೇಡ.

ಮೂರ್ತಿ ಮನೆ: ನಾಯಿಗೆ ಮಾತ್ರೆ ಎಷ್ಟು ದಿನಕ್ಕೊಮ್ಮೆ ಮೇಡಂ?

ಡಾಕ್ಟರ್: ಮೇಲೆ ಓದಿ.

ಪಂದಿ ಪ್ರಿಯ: ಪಂದಿ ಕರಿ (ಹಂದಿ ಮಾಂಸ) ತಿಂದರೆ ತಲೆಗೆ ಹುಳು ಬರುತ್ತಂತಲ್ಲ?

ಡಾಕ್ಟರ್: ಚೆನ್ನಾಗಿ ಬೇಯಿಸಿ ತಿನ್ನಿ. ತಲೆಗೆ ಬರುವುದು ಹೊಟ್ಟೆಯಲ್ಲಿ ಲಾಡಿಹುಳು ಇರುವ ಮನುಷ್ಯರ ಮಲದ ಮೊಟ್ಟೆಯಿಂದ, ಕೈಯಲ್ಲೋ ಸೊಪ್ಪಿನಲ್ಲೋ ಬರುತ್ತದೆ. ಮಾಂಸ ತಿನ್ನದವರಿಗೂ ಬರುತ್ತದೆ.

ಗದ್ದೆ ಬದಿ: ಬಾತುಕೋಳಿ ಸಾಕಿದರೆ ಶಂಖದ ಹುಳು ತಿನ್ನುತ್ತಾವಾ?

ಅರೇಬಿಕಾ: ಶಂಖದ ಹುಳು ಕೊಲ್ಲುವ ಮೆಟಾಲ್ಡಿಹೈಡ್ ವಿಷದ ಗುಳಿಗೆ ಹಾಕಿದೆ, ಹುಳು ರಾಶಿ ಸತ್ತವು. ನಾಯಿಮರಿ ನಡುಗುತ್ತಿದೆ.

ಡಾಕ್ಟರ್: ಮರಿ ಗುಳಿಗೆ ತಿಂದಿರಬಹುದು. ಈಗಲೇ ಹತ್ತಿರದ ಪಶು ಆಸ್ಪತ್ರೆಗೆ. ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಗುಳಿಗೆ ಪ್ಯಾಕೆಟ್ ಜೊತೆಗೆ ತನ್ನಿ. ಇನ್ನು ಮೇಲೆ ರಾತ್ರಿ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಇಟ್ಟು, ಬೆಳಗ್ಗೆ ಗ್ಲೌಸು ಹಾಕಿ ಆರಿಸಿ, ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ ಹೂಳಿ. ಹೊಳೆಗೆ ಎಸೆಯಬೇಡಿ. ಸೊಪ್ಪು ಎಲೆ ಎಲೆ ಬಿಡಿಸಿ ತೊಳೆದು ಬೇಯಿಸಿ.

ಮಲೆನಾಡ ಮಾವ: ಉಪ್ಪುನೀರು ಬೇಡ ಅಂದವರು ಈಗ ಉಪ್ಪುನೀರು ಅಂತಾರೆ.

ಡಾಕ್ಟರ್: ಮಾವ, ಒಂದು ನಾಯಿಗೆ, ಇನ್ನೊಂದು ಹುಳುವಿಗೆ! ಓದಿ ಬರೆಯಿರಿ. ತೋಟದ ಮನೆ, ಹೊರಟಿರಾ?

ತೋಟದ ಮನೆ: ಜೀಪು ಸಿಕ್ಕಿತು ಮೇಡಂ, ಮಡಿಕೇರಿಗೆ ಹೊರಟಿದ್ದೇವೆ. ಮಾತ್ರೆ ಕೊಟ್ಟಿಲ್ಲ.

ಅಡ್ಮಿನ್: ಇವತ್ತಿಗೆ ಸಾಕು. ಮೆಸೇಜ್ ಲಾಕ್ ಮಾಡುತ್ತಿದ್ದೇನೆ. ಮಾವ, ನಿಮ್ಮ ಫಾರ್ವರ್ಡ್ ಅಳಿಸಿದ್ದೇನೆ.